ಗೆದ್ದಲು, ಕುಟ್ಟೆ, ದುಂಬಿ: ಭಾಂಡುಪ್‌ನ ಮನೆ–ಅಂಗಳಗಳಲ್ಲಿ ಮರಕ್ಕೆ ಬೀಳುವ ಹುಳುಗಳು

ಮನೆಯ ಮರಕ್ಕೆ ಹುಳು ಬಿತ್ತು ಎಂದರೆ ಸಾಕು, ಮುಂಬೈಯಲ್ಲಿ ಬರುವ ಮೊದಲ ಮಾತು ‘ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿ’. ಕರೆಸಬೇಕು, ನಿಜ. ಆದರೆ ಫೋನ್ ಮಾಡುವ ಮೊದಲು ಎರಡು ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಬೇಕು. ಬಿದ್ದಿರುವ ಹುಳು ಯಾವುದು? ಅದಕ್ಕೆ ತೇವ ಎಲ್ಲಿಂದ ಸಿಗುತ್ತಿದೆ? ಈ ಎರಡು ತಿಳಿಯದೆ ಹೊಡೆಸಿದ ಮದ್ದು ಎಷ್ಟೋ ಮನೆಗಳಲ್ಲಿ ಹುಳುವಿಗೆ ತಾಗುವುದಕ್ಕಿಂತ ಹೆಚ್ಚಾಗಿ ಮನೆಮಂದಿಯ ಉಸಿರಿಗೇ ತಾಗುತ್ತದೆ.

ಭಾಂಡುಪ್‌ನ ಮಣ್ಣು, ಮಳೆ, ಮನೆ

ಮಧ್ಯ ರೈಲ್ವೆಯ ಕಾಂಜೂರ್‌ಮಾರ್ಗ್ ಮತ್ತು ನಾಹೂರ್ ನಿಲ್ದಾಣಗಳ ನಡುವಿನ ಭಾಂಡುಪ್ ಗೆದ್ದಲಿಗೆ ಹೇಳಿ ಮಾಡಿಸಿದ ಊರು. ಪಶ್ಚಿಮಕ್ಕೆ ಗುಡ್ಡ ಏರುತ್ತ ಹೋದರೆ ಸುಮಾರು 104 ಚದರ ಕಿಲೋಮೀಟರ್ ವಿಸ್ತಾರದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚು, ವಿಹಾರ್ ಮತ್ತು ತುಳಸಿ ಕೆರೆಗಳು, ಮಹಾನಗರಕ್ಕೆ ಕುಡಿಯುವ ನೀರು ಶುದ್ಧ ಮಾಡಿ ಕೊಡುವ ಭಾಂಡುಪ್ ಕಾಂಪ್ಲೆಕ್ಸ್. ಪೂರ್ವಕ್ಕೆ ಉಪ್ಪಿನ ಗದ್ದೆ, ಕಾಂಡ್ಲಾ ಕಾಡು, ಠಾಣೆ ಖಾರಿ. ಇವೆರಡರ ನಡುವೆ ಗುಡ್ಡದ ಇಳಿಜಾರಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಚಾಳುಗಳು, ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದ ಉದ್ದಕ್ಕೂ ಹಳೆಯ ಕಾರ್ಖಾನೆಗಳ ಜಾಗದಲ್ಲಿ ಎದ್ದ ಹೊಸ ಟವರ್‌ಗಳು. ಜೂನ್‌ನಿಂದ ಸೆಪ್ಟೆಂಬರ್ ತನಕ 2,000 ಮಿಲಿಮೀಟರಿಗೂ ಹೆಚ್ಚು ಮಳೆ. ಗುಡ್ಡದ ಮಣ್ಣು ಆಗ ವಾರಗಟ್ಟಲೆ ಒಣಗುವುದಿಲ್ಲ. ಇಳಿಜಾರಿಗೆ ಒರಗಿಸಿ ಕಟ್ಟಿದ ಮನೆಗಳ ಹಿಂಗೋಡೆ ಒಳಗಿನಿಂದಲೇ ಬೆವರುತ್ತದೆ.

ಚಾಳಿನ ಕೋಣೆಯಲ್ಲಿ ಮರ ಎಲ್ಲೆಲ್ಲಿದೆ ಎಂದು ನೋಡಿ. ಬಾಗಿಲ ದಾರಂದ, ಪೋಟ್‌ಮಾಳಾ ಎಂದು ಕರೆಯುವ ಅಟ್ಟದ ಹಲಗೆ, ಅದಕ್ಕೆ ಹತ್ತುವ ಏಣಿ, ದೇವರ ಮಂಟಪ. ಟವರ್‌ನ ಫ್ಲ್ಯಾಟ್‌ನಲ್ಲಿ ಪ್ಲೈವುಡ್ಡಿನ ಕಪಾಟು, ಕಿಚನ್ ಟ್ರಾಲಿ, ಸಿಂಕಿನ ಕೆಳಗಿನ ಖಾನೆ. ಎರಡೂ ಕಡೆ ಮರ ಗೋಡೆಗೆ ಒತ್ತಿಕೊಂಡಿರುತ್ತದೆ. ಗೋಡೆಯ ಆಚೆ ಬದಿಯಲ್ಲಿ ಒಂದೋ ಮಣ್ಣು, ಇಲ್ಲವೇ ಯಾರದೋ ಬಚ್ಚಲು.

ಮೊದಲ ಮಳೆಯ ಸಂಜೆ

ಮುಂಬೈಗೆ ಮುಂಗಾರು ಮುಟ್ಟುವುದು ಸಾಮಾನ್ಯವಾಗಿ ಜೂನ್ 11ರ ಹೊತ್ತಿಗೆ. ಅದರ ಹಿಂದುಮುಂದಿನ ಯಾವುದೋ ಒಂದು ಸಂಜೆ ಒಳ್ಳೆಯ ಮಳೆ ಬಂದು ನಿಂತ ಮೇಲೆ ಟ್ಯೂಬ್‌ಲೈಟಿಗೆ ರೆಕ್ಕೆಹುಳು ಮುತ್ತುತ್ತವೆ. ಮನೆಯಲ್ಲಿ ಇದನ್ನು ಮಳೆಹುಳು, ಈಸಲು ಎನ್ನುತ್ತೇವೆ. ಇವು ಗೆದ್ದಲಿನ ಸಂತಾನದಲ್ಲಿ ಮದುವೆಗೆ ಹೊರಟವು. ಹಾರಾಟ ಮುಗಿದ ಕೂಡಲೇ ರೆಕ್ಕೆ ಉದುರಿಸಿ, ಹೆಣ್ಣಿನ ಬೆನ್ನು ಹಿಡಿದು ಗಂಡು ಸಾಲಾಗಿ ನಡೆದು, ಒದ್ದೆ ಮಣ್ಣಿನ ಬಿರುಕಿನಲ್ಲಿ ಇಳಿದು ಹೊಸ ಗೂಡು ಹೂಡುತ್ತವೆ. ಹಾಗೆ ಇಳಿಯುವ ಭಾಗ್ಯ ತೀರಾ ಕೆಲವಕ್ಕೆ ಮಾತ್ರ. ಉಳಿದವು ಹದ್ದು, ಕಾಜಾಣ, ಹಲ್ಲಿ, ಕಪ್ಪೆಗಳ ಪಾಲು.

ಹೊರಗಿನಿಂದ ಬೆಳಕಿಗೆ ಬಂದ ಹುಳುವಿಗೆ ಹೆದರಬೇಕಾಗಿಲ್ಲ. ದೀಪ ಆರಿಸಿ ಕಿಟಕಿ ಹಾಕಿದರೆ ಆಯಿತು. ಆದರೆ ಅವು ನಿಮ್ಮದೇ ಮನೆಯ ಗೋಡೆಯ ಸಂದಿಯಿಂದ, ದಾರಂದದ ಮೂಲೆಯಿಂದ ಹೊರಡುತ್ತಿದ್ದರೆ, ಅಥವಾ ಬೆಳಗ್ಗೆ ಗುಡಿಸುವಾಗ ಒಂದೇ ಮೂಲೆಯಲ್ಲಿ ರಾಶಿ ರೆಕ್ಕೆ ಸಿಕ್ಕರೆ, ಗೂಡು ಒಳಗೇ ಇದೆ. ರೆಕ್ಕೆಯ ಇರುವೆಗೂ ಇದಕ್ಕೂ ವ್ಯತ್ಯಾಸ ಗುರುತಿಸುವುದು ಸುಲಭ. ಗೆದ್ದಲಿನ ನಾಲ್ಕೂ ರೆಕ್ಕೆ ಒಂದೇ ಅಳತೆಯವು, ಸೊಂಟ ದಪ್ಪ, ಮೀಸೆ ನೇರ. ಇರುವೆಯ ಮುಂದಿನ ರೆಕ್ಕೆ ದೊಡ್ಡದು, ಸೊಂಟ ಸಣ್ಣ, ಮೀಸೆ ಮಧ್ಯದಲ್ಲಿ ಮಡಚಿರುತ್ತದೆ.

ಗೆದ್ದಲಿನ ಒಕ್ಕಲು

ಗೆದ್ದಲನ್ನು ‘ಬಿಳಿ ಇರುವೆ’ ಎನ್ನುವುದು ಹಳೆಯ ರೂಢಿ. ಇರುವೆಗೂ ಇದಕ್ಕೂ ರಕ್ತಸಂಬಂಧವಿಲ್ಲ. ಇದರ ನೆಂಟ ಜಿರಳೆ. 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದ ನಂತರ ವಿಜ್ಞಾನಿಗಳು ಗೆದ್ದಲಿಗಿದ್ದ ಪ್ರತ್ಯೇಕ ಗಣವನ್ನೇ ಬಿಟ್ಟು, ಅದನ್ನು ಜಿರಳೆಯ ಗಣಕ್ಕೆ ಸೇರಿಸಿದರು. ಜಗತ್ತಿನಲ್ಲಿ ಸುಮಾರು 3,000 ಜಾತಿಯ ಗೆದ್ದಲುಗಳಿವೆ, ಭಾರತದಲ್ಲಿ 300ರ ಆಸುಪಾಸು. ಇವುಗಳಲ್ಲಿ ಮನೆಗೆ ಕೇಡು ಮಾಡುವವು ಬೆರಳೆಣಿಕೆಯಷ್ಟೇ. ಉಳಿದವು ಕಾಡಿನಲ್ಲಿ ಉದುರಿದ ಎಲೆ, ಒಣಗಿದ ಕೊಂಬೆ, ಸೆಗಣಿ ತಿಂದು ಮಣ್ಣು ಮಾಡುತ್ತವೆ. ಭಾಂಡುಪ್‌ನ ಗುಡ್ಡದ ಮೇಲಿನ ಕಾಡು ಹಸಿರಾಗಿರುವುದರಲ್ಲಿ ಇವುಗಳ ದುಡಿಮೆ ದೊಡ್ಡದು. ನಾಗರಪಂಚಮಿಗೆ ನಾವು ಹಾಲೆರೆಯುವ ಹುತ್ತವನ್ನು ಕಟ್ಟಿದ್ದೂ ಇವೇ.

ಆ ಹುತ್ತ ಕಟ್ಟುವವು ಒಡಾಂಟೊಟರ್ಮಿಸ್ ಕುಲದವು. ಮರವನ್ನು ನೇರವಾಗಿ ಅರಗಿಸಿಕೊಳ್ಳುವ ಶಕ್ತಿ ಇವಕ್ಕೆ ಕಡಿಮೆ. ಅಗಿದು ತಂದದ್ದನ್ನು ಗೂಡಿನೊಳಗೆ ಹಾಸಿ, ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರ ಬೆಳೆಸಿ, ಅದು ಮೆತ್ತಗೆ ಮಾಡಿಕೊಟ್ಟದ್ದನ್ನು ತಿನ್ನುತ್ತವೆ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಹುಡುಕಿ ತಂದು ಸಾರು ಮಾಡುವ ಹುತ್ತದ ಅಣಬೆ ಇದೇ ಶಿಲೀಂಧ್ರದ ಹೂವು. ಇನ್ನೊಂದು ಗುಂಪು ಕಾಪ್ಟೊಟರ್ಮಿಸ್ ಮತ್ತು ಹೆಟೆರೊಟರ್ಮಿಸ್. ಇವು ಹುತ್ತ ಎಬ್ಬಿಸುವುದಿಲ್ಲ. ಇವುಗಳ ಕರುಳಿನಲ್ಲಿ ವಾಸಿಸುವ ಏಕಕೋಶ ಜೀವಿಗಳು ಮರದ ನಾರನ್ನು ಕರಗಿಸಿಕೊಡುತ್ತವೆ. ಮನೆಗಳ ಮಟ್ಟಿಗೆ ಹೆಚ್ಚು ಅಪಾಯಕಾರಿ ಈ ಎರಡನೆಯ ಗುಂಪು. ಕಾಪ್ಟೊಟರ್ಮಿಸ್‌ಗೆ ಒಂದು ಚಾಳಿ ಇದೆ. ತೇವ ಕಾಯಂ ಸಿಗುವಂತಿದ್ದರೆ ಅದು ನೆಲದ ನಂಟನ್ನೇ ಬಿಟ್ಟು, ಗೋಡೆಯ ಪೊಳ್ಳಿನಲ್ಲೋ ಬಚ್ಚಲಿನ ಪೈಪು ಹಾದ ಡಕ್ಟ್‌ನಲ್ಲೋ ಗೂಡು ಮಾಡಿಕೊಳ್ಳಬಲ್ಲದು. ‘ನಮ್ಮದು ಏಳನೇ ಮಾಳಿಗೆ, ನಮಗೆಲ್ಲಿಯ ಗೆದ್ದಲು’ ಎಂದು ಹೇಳುವವರು ಇದನ್ನು ತಿಳಿದಿರಬೇಕು.

ದಾರಂದದ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಂಡರೆ ಕೂಡಲೇ ಒರೆಸಿ ಹಾಕಬೇಡಿ. ಬಟ್ಟೆಯ ಬದಲು ಟಾರ್ಚು ತನ್ನಿ. ಗೆರೆಯ ನಡುವೆ ಒಂದು ಇಂಚು ಮಾತ್ರ ಉಗುರಿನಿಂದ ಕೀಳಿ. ಒಳಗೆ ಸುರಂಗ. ಅದರಲ್ಲಿ ಕಣ್ಣಿಲ್ಲದ, ಬೆಳ್ಳನೆಯ ಕೆಲಸಗಾರ ಹುಳುಗಳು ಬೆಳಕು ತಾಗಿದ್ದಕ್ಕೆ ಒಳಸರಿಯುತ್ತವೆ. ಕೆಲವು ಕ್ಷಣದಲ್ಲಿ ತಲೆ ಕಂದು ಬಣ್ಣದ, ಚಿಮಟ ಬಾಯಿಯ ಕಾವಲಿನವು ಮುರಿದ ಅಂಚಿಗೆ ಬಂದು ನಿಲ್ಲುತ್ತವೆ. ಹುಲ್ಲುಕಡ್ಡಿಯಿಂದ ಕೆಣಕಿದಾಗ ಅವುಗಳ ಹಣೆಯಿಂದ ಹಾಲಿನಂಥ ಬಿಳಿ ಹನಿ ಒಸರಿದರೆ ಅದು ಕಾಪ್ಟೊಟರ್ಮಿಸ್. ಮರುದಿನ ನೋಡಿ. ಮುರಿದ ಜಾಗಕ್ಕೆ ಹಸಿ ಮಣ್ಣು ಮೆತ್ತಿದ್ದರೆ ದಾರಿ ಬಳಕೆಯಲ್ಲಿದೆ. ಹಾಗೇ ಒಣಗಿ ಉಳಿದಿದ್ದರೆ ಅವು ಆ ದಾರಿ ಬಿಟ್ಟಿವೆ, ಬೇರೆ ಎಲ್ಲಿ ಎಂದು ಹುಡುಕಬೇಕು. ಸ್ಕ್ರೂಡ್ರೈವರಿನ ಹಿಡಿಯಿಂದ ದಾರಂದವನ್ನು ಕೆಳಗಿನಿಂದ ಮೇಲಕ್ಕೆ ತಟ್ಟುತ್ತ ಹೋಗಿ. ಗಟ್ಟಿ ಸದ್ದು ಎಲ್ಲಿ ಟೊಳ್ಳಾಗುತ್ತದೋ ಅಲ್ಲಿಯ ತನಕ ಬಂದಿವೆ.

ಗೆದ್ದಲು ಸಿಮೆಂಟು ತಿನ್ನುವುದಿಲ್ಲ. ಆದರೆ ಒಂದು ಮಿಲಿಮೀಟರಿಗಿಂತ ಕಿರಿದಾದ ಬಿರುಕೂ ಅದಕ್ಕೆ ಹಾದಿಯೇ. ಹಾದಿಯ ಕೊನೆಯಲ್ಲಿ ಮರ, ಕಾಗದ, ಹತ್ತಿಬಟ್ಟೆ ಏನಿದ್ದರೂ ಆಯಿತು. 2011ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಸುಮಾರು ಒಂದು ಕೋಟಿ ರೂಪಾಯಿಯ ನೋಟುಗಳನ್ನು ಗೆದ್ದಲು ತಿಂದದ್ದು ದೇಶವಿಡೀ ಸುದ್ದಿಯಾಗಿತ್ತು. ಭಾಂಡುಪ್‌ನ ಅಟ್ಟಗಳಲ್ಲಿ ಅಷ್ಟು ಹಣ ಇರಲಾರದು. ಆದರೆ ಊರಿನ ಜಾಗದ ಪಟ್ಟೆ, ಮಕ್ಕಳ ಮಾರ್ಕ್ಸ್‌ಕಾರ್ಡು, ಹಿರಿಯರು ಕಟ್ಟಿಟ್ಟ ಯಕ್ಷಗಾನ ಪ್ರಸಂಗದ ಪುಸ್ತಕಗಳು ಇರುತ್ತವೆ. ಅವನ್ನು ಗೋಡೆಗೆ ತಾಗದ ಹಾಗೆ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು, ಮಳೆಗಾಲ ಮುಗಿದ ಮೇಲೊಮ್ಮೆ ಬಿಸಿಲಿಗೆ ಹಾಕುವ ಹಳೆಯ ಕ್ರಮ ಇಂದಿಗೂ ಅತ್ಯುತ್ತಮ.

ಮಣ್ಣಿನ ಹಂಗಿಲ್ಲದ ಒಣಮರದ ಗೆದ್ದಲು

ಕ್ರಿಪ್ಟೊಟರ್ಮಿಸ್ ಕುಲದ ಗೆದ್ದಲು ಮಣ್ಣಿನ ಗೆರೆ ಎಳೆಯುವುದೇ ಇಲ್ಲ. ಕರಾವಳಿಯ ಗಾಳಿಯ ತೇವವೇ ಅದಕ್ಕೆ ಸಾಕು. ಒಂದು ಕುರ್ಚಿಯ ಕಾಲಿನೊಳಗೆ ಇಡೀ ಸಂಸಾರ ವರ್ಷಗಟ್ಟಲೆ ಬದುಕುತ್ತದೆ. ಗುರುತು ಒಂದೇ: ಕಪಾಟಿನ ಕೆಳಗೆ ಗಸಗಸೆಯಷ್ಟು ಸಣ್ಣ, ಗಟ್ಟಿ ಕಾಳುಗಳ ಪುಟ್ಟ ರಾಶಿ. ಭೂತಗನ್ನಡಿ ಹಿಡಿದರೆ ಪ್ರತಿ ಕಾಳಿಗೂ ಆರು ಮುಖ ಕಾಣುತ್ತದೆ. ಅದು ಹಿಕ್ಕೆ. ನೆಲಕ್ಕೆ ಮದ್ದು ಹೊಯ್ಯುವುದರಿಂದ ಈ ಗೆದ್ದಲಿಗೆ ಏನೂ ಆಗುವುದಿಲ್ಲ. ಆ ಮರದ ತುಂಡನ್ನೇ ತೆಗೆಯಬೇಕು, ಇಲ್ಲವೇ ಅದಕ್ಕೇ ತೂತು ಕೊರೆದು ಮದ್ದು ಕೊಡಬೇಕು.

ಕುಟ್ಟೆ ಹಿಡಿದ ಮರ

ರಾತ್ರಿ ಮಂಚದ ಬದಿಯಿಂದ ಕಿರಿಕಿರಿ ಸದ್ದು, ಬೆಳಗ್ಗೆ ನೆಲದ ಮೇಲೆ ಹಿಟ್ಟು. ಇದು ಗೆದ್ದಲಲ್ಲ, ಕುಟ್ಟೆ. ಲಿಕ್ಟಸ್ ಎಂಬ ಪುಟ್ಟ ಕಂದು ದುಂಬಿಯ ಮರಿಹುಳು ಮರದೊಳಗೆ ತಿಂಗಳುಗಟ್ಟಲೆ ಕೊರೆದು, ಬೆಳೆದು ರೆಕ್ಕೆ ಬಂದ ಮೇಲೆ ಒಂದೆರಡು ಮಿಲಿಮೀಟರಿನ ದುಂಡು ತೂತು ಮಾಡಿ ಹೊರಬೀಳುತ್ತದೆ. ತೂತು ಕಾಣುವ ಹೊತ್ತಿಗೆ ಆ ಹುಳು ಹೋಗಿಯಾಗಿರುತ್ತದೆ. ಉಳಿದಿರುವುದು ಅದರ ಒಡಹುಟ್ಟಿದವು. ಅದರ ಹಿಟ್ಟನ್ನು ಬೆರಳ ನಡುವೆ ಉಜ್ಜಿದರೆ ಒಂದು ಕಣವೂ ಸಿಗದಷ್ಟು ನುಣುಪು. ಒಣಮರದ ಗೆದ್ದಲಿನ ಕಾಳಿಗೂ ಇದಕ್ಕೂ ಇಲ್ಲೇ ವ್ಯತ್ಯಾಸ. ಸೈನಾಕ್ಸಿಲಾನ್, ಹೆಟೆರೊಬಾಸ್ಟ್ರಿಕಸ್ ಮುಂತಾದ ದಪ್ಪ ಜಾತಿಗಳ ತೂತು ಇನ್ನೂ ದೊಡ್ಡದು. ಬಿದಿರಿಗೆ ಬೀಳುವುದು ಡೈನೊಡೆರಸ್.

ಕುಟ್ಟೆಗೆ ಬೇಕಾದದ್ದು ಮರವಲ್ಲ, ಮರದಲ್ಲಿರುವ ಪಿಷ್ಟ. ಪಿಷ್ಟ ಇರುವುದು ಕಾಂಡದ ಹೊರಸುತ್ತಿನ ಬಿಳಿ ಮರದಲ್ಲಿ. ಒಳಗಿನ ಚೇಗಿನಲ್ಲಿ ಅದು ಇಲ್ಲದ್ದರಿಂದ ಚೇಗಿಗೆ ಕುಟ್ಟೆ ಹಿಡಿಯುವುದಿಲ್ಲ. ತೇಗದ ಕುರ್ಚಿಗೂ ಕುಟ್ಟೆ ಬಿತ್ತು ಎಂದು ದೂರುವವರ ಕುರ್ಚಿಯನ್ನು ತಿರುಗಿಸಿ ನೋಡಿದರೆ, ಬಡಗಿ ಬಿಳಿ ಭಾಗ ಬಿಟ್ಟು ಕೊಯ್ಯದೆ ಇದ್ದದ್ದು ಕಾಣುತ್ತದೆ. ಮಾವು, ರಬ್ಬರ್, ಬೂರುಗದ ಹಲಗೆಯಲ್ಲಿ ಇಡೀ ಮರವೇ ಅದಕ್ಕೆ ಊಟ. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಬಿಚ್ಚಿ ಅಟ್ಟ ಮಾಡಿಸುವಾಗ ಒಂದು ಗುರುತು ನೋಡಿಕೊಳ್ಳಿ. ವಿದೇಶಕ್ಕೆ ಹೋಗಿಬರುವ ಪೆಟ್ಟಿಗೆಗಳ ಮೇಲೆ ‘ಎಚ್‌ಟಿ’ ಮುದ್ರೆ ಇರುತ್ತದೆ. ಮರದ ಒಳತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬೆಂದಿದೆ ಎಂದು ಅದರ ಅರ್ಥ. ಆ ಹೊತ್ತಿಗಿದ್ದ ಹುಳು ಸತ್ತಿರುತ್ತದೆ. ಮುಂದೆ ಬೀಳದು ಎಂಬ ಭರವಸೆ ಅದರಲ್ಲಿಲ್ಲ.

ಪಾಲಿಶ್ ಆಗದ ಹಸಿ ಹಲಗೆಗೆ ಬೋರಿಕ್ ಆಸಿಡ್ ಮತ್ತು ಬೋರಾಕ್ಸ್ ಬೆರೆಸಿದ ನೀರು ಹೀರಿಸಿದರೆ ಕುಟ್ಟೆಗೆ ಅದು ವಿಷ, ಮನುಷ್ಯರಿಗೆ ಉಳಿದ ಮದ್ದುಗಳಿಗಿಂತ ಸೌಮ್ಯ. ಮಳೆ ತಾಗುವ ಕಡೆ ಅದು ತೊಳೆದುಹೋಗುತ್ತದೆ, ಒಳಾಂಗಣಕ್ಕೆ ಮಾತ್ರ ಸರಿ. ಆಮೇಲೆ ಹಲಗೆಯ ಆರೂ ಮುಖಕ್ಕೆ ವಾರ್ನಿಷ್ ಹಚ್ಚಬೇಕು. ಹೆಣ್ಣು ಮೊಟ್ಟೆ ಇಡುವುದು ಮರದ ತೆರೆದ ರಂಧ್ರಗಳಲ್ಲಿ. ನಮ್ಮ ಬಡಗಿಗಳು ಕಣ್ಣಿಗೆ ಕಾಣುವ ಮುಖಕ್ಕೆ ಮಾತ್ರ ಪಾಲಿಶ್ ಹಾಕಿ ಬೆನ್ನನ್ನು ಬರಿದೇ ಬಿಡುತ್ತಾರೆ. ಹೇಳಿ ಮಾಡಿಸಿಕೊಳ್ಳಬೇಕು. ಬಿದಿರನ್ನು ಕಡಿದ ಮೇಲೆ ಕೆಲವು ವಾರ ನೀರಿನಲ್ಲಿ ನೆನೆಹಾಕುವ ಊರಿನ ಪದ್ಧತಿಯ ಹಿಂದೆಯೂ ಇದೇ ತರ್ಕವಿದೆ: ಪಿಷ್ಟ ನೀರಿಗೆ ಬಿಟ್ಟುಕೊಂಡರೆ ಹುಳುವಿಗೆ ಅದರಲ್ಲಿ ರುಚಿ ಉಳಿಯುವುದಿಲ್ಲ.

ರೈಲು ಹಳಿಯಿಂದ ಡೆಹ್ರಾಡೂನ್ ತನಕ

ಮುಂಬೈಯನ್ನು ಠಾಣೆಗೂ ಅಲ್ಲಿಂದ ಘಟ್ಟಗಳಿಗೂ ರೈಲಿನಿಂದ ಜೋಡಿಸುವ ಯೋಚನೆ ಮುಂಬೈ ಸರ್ಕಾರದ ಮುಖ್ಯ ಎಂಜಿನಿಯರ್ ಜಾರ್ಜ್ ಕ್ಲಾರ್ಕ್ ಅವರಿಗೆ ಹೊಳೆದದ್ದು 1843ರಲ್ಲಿ ಭಾಂಡುಪ್‌ಗೆ ಬಂದಾಗ ಎಂದು ರೈಲ್ವೆ ಇತಿಹಾಸ ದಾಖಲಿಸುತ್ತದೆ. 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಹೊರಟಿತು. ಆ ಕಾಲದ ಹಳಿಗಳ ಕೆಳಗೆ ಮರದ ಸ್ಲೀಪರ್‌ಗಳು. ಭಾರತದ ಮಣ್ಣಿನ ಮೇಲೆ ಮಲಗಿಸಿದ ಮರ ಎಂದರೆ ಗೆದ್ದಲಿಗೆ ಬಡಿಸಿಟ್ಟ ಎಲೆ. ಹಾಗಾಗಿ ಬ್ರಿಟನ್ನಿನಲ್ಲಿ 1838ರಲ್ಲಿ ಜಾನ್ ಬೆಥೆಲ್ ಪೇಟೆಂಟ್ ಪಡೆದ ವಿಧಾನದಂತೆ, ಒತ್ತಡ ಹಾಕಿ ಕ್ರಿಯೋಸೋಟ್ ಎಣ್ಣೆ ಕುಡಿಸಿದ ಪೈನ್ ಮರದ ಸ್ಲೀಪರ್‌ಗಳನ್ನು ಹಡಗಿನಲ್ಲಿ ತರಿಸಿದ್ದೂ ಉಂಟು.

ಮರ ಉಳಿಸುವ ಚರಿತ್ರೆಯಲ್ಲಿ ಮುಂದಿನ ದೊಡ್ಡ ಹೆಜ್ಜೆ ಭಾರತದ್ದೇ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶನ್ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳನ್ನು ಬೆರೆಸಿದ ಮದ್ದು ಕಂಡುಹಿಡಿದರು. ಮರದ ನಾರಿಗೆ ಅಂಟಿಕೊಂಡು, ಮಳೆಗೂ ಅಷ್ಟಾಗಿ ತೊಳೆದುಹೋಗದ ಈ ಮಿಶ್ರಣ ‘ಆಸ್ಕು’ ಎಂಬ ಹೆಸರಿನಲ್ಲಿ ಹರಡಿ, ಸಿಸಿಎ ಎಂಬ ಹೆಸರಿನಲ್ಲಿ ಜಗತ್ತಿನ ಕಂಬ, ಬೇಲಿ, ಹಡಗುಕಟ್ಟೆಗಳನ್ನೆಲ್ಲ ಕಾಯಿತು. ನಮ್ಮ ಶಾಲಾ ಪುಸ್ತಕಗಳಲ್ಲಿ ಕಾಮೇಶನ್ನರ ಹೆಸರು ಇರಬೇಕಾಗಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಆರ್ಸೆನಿಕ್‌ನ ಭಯದಿಂದ ಅಮೆರಿಕದಲ್ಲಿ 2003ರ ಕೊನೆಗೆ ವಾಸದ ಮನೆಗಳ ಮರಕ್ಕೆ ಇದರ ಬಳಕೆ ಬಹುತೇಕ ನಿಂತಿತು. ಹಸಿರು ಛಾಯೆಯ ಹಳೆಯ ಹಲಗೆ, ಕಂಬದ ತುಂಡು ಸಿಕ್ಕರೆ ಅದನ್ನು ಬಚ್ಚಲೊಲೆಗೆ ಮಾತ್ರ ಹಾಕಬೇಡಿ. ಹೊಗೆ ಮತ್ತು ಬೂದಿ ಎರಡೂ ವಿಷ.

ನಮ್ಮ ಕನ್ನಡ ಕರಾವಳಿಗೆ ತನ್ನದೇ ಮದ್ದಿತ್ತು. ಗೇರುಬೀಜದ ಸಿಪ್ಪೆಯಿಂದ ಬರುವ ಕಪ್ಪು ಎಣ್ಣೆಯನ್ನು ಪಕ್ಕಾಸಿಗೆ, ದೋಣಿಗೆ ಬಳಿಯುತ್ತಿದ್ದರು. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳಿಸುವ ಈ ಎಣ್ಣೆಗೆ ಹುಳುಗಳೂ ಹತ್ತಿರ ಸುಳಿಯುವುದಿಲ್ಲ. ಮರದ ಬಗ್ಗೆ ಶಾಸ್ತ್ರೀಯ ಸಲಹೆ ಬೇಕಾದವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಅದರ ಬೇರು 1938ರ ಅರಣ್ಯ ಸಂಶೋಧನಾ ಪ್ರಯೋಗಾಲಯದಲ್ಲಿದೆ.

ಮದ್ದು ಹೊಡೆಸುವವರು ಕೇಳಬೇಕಾದದ್ದು

ಕಟ್ಟಡಗಳ ಗೆದ್ದಲು ನಿಯಂತ್ರಣಕ್ಕೆ ಭಾರತೀಯ ಮಾನಕ ಐಎಸ್ 6313 ಇದೆ. ಅದರ ಎರಡನೆಯ ಭಾಗ ಹೊಸ ಕಟ್ಟಡಕ್ಕೆ, ಮೂರನೆಯದು ಇರುವ ಕಟ್ಟಡಕ್ಕೆ. ಹೊಸ ಕಟ್ಟಡದ ನೆಲಗಟ್ಟಿನ ಕೆಳಗೆ ಪ್ರತಿ ಚದರ ಮೀಟರ್ ಮಣ್ಣಿಗೆ 5 ಲೀಟರ್ ದ್ರಾವಣ ಬೇಕು. ಭಾಂಡುಪ್‌ನಲ್ಲಿ ಹಳೆಯ ಚಾಳುಗಳು ಒಂದೊಂದಾಗಿ ಪುನರ್ವಸತಿ ಯೋಜನೆಗೆ ಹೋಗುತ್ತಿರುವಾಗ, ಬಿಲ್ಡರ್‌ನೊಂದಿಗಿನ ಒಪ್ಪಂದದಲ್ಲಿ ಈ ಒಂದು ಸಾಲು ಸೇರಿಸಿಕೊಳ್ಳುವುದು ಸದಸ್ಯರ ಹಕ್ಕು. ಫೌಂಡೇಶನ್ ಮುಚ್ಚಿದ ಮೇಲೆ ಅದೇ ಕೆಲಸಕ್ಕೆ ಹಲವು ಪಟ್ಟು ಖರ್ಚು.

ಇರುವ ಮನೆಯಲ್ಲಾದರೆ ಗೋಡೆ ಮತ್ತು ನೆಲ ಕೂಡುವ ಅಂಚಿನುದ್ದಕ್ಕೂ 30 ಸೆಂಟಿಮೀಟರಿಗೊಂದರಂತೆ 12 ಮಿಲಿಮೀಟರ್ ತೂತು ಕೊರೆದು, ಹೀರುವಷ್ಟು ಮದ್ದು ತುಂಬಿ, ಸಿಮೆಂಟಿನಿಂದ ಮುಚ್ಚುವುದು ಕ್ರಮ. ಬರಿದೇ ಪಂಪಿನಿಂದ ಗೋಡೆಗೆ ಸಿಂಪಡಿಸಿ ಹೋದರೆ ಅದು ಗೆದ್ದಲಿನ ಚಿಕಿತ್ಸೆಯಲ್ಲ. ಈಗ ಬಳಕೆಯಲ್ಲಿರುವ ಇಮಿಡಾಕ್ಲೋಪ್ರಿಡ್, ಫಿಪ್ರೋನಿಲ್‌ನಂಥವುಗಳ ಇರವು ಗೆದ್ದಲಿಗೆ ತಿಳಿಯುವುದಿಲ್ಲ. ಮೈಗೆ ಮೆತ್ತಿಕೊಂಡು ಗೂಡಿನವಕ್ಕೂ ಹಂಚುತ್ತವೆ. ಆದ್ದರಿಂದ ಮದ್ದಿನ ಮೊದಲು ಸುರಂಗಗಳನ್ನೆಲ್ಲ ಗುಡಿಸಿ ಹಾಕುವುದು, ಸೀಮೆಎಣ್ಣೆ ಸುರಿಯುವುದು ಕೆಲಸ ಕೆಡಿಸುತ್ತದೆ. ಸೀಮೆಎಣ್ಣೆ ಗೂಡಿಗೆ ಮುಟ್ಟುವುದೂ ಇಲ್ಲ, ಚಾಳಿನ ಇಕ್ಕಟ್ಟಿನಲ್ಲಿ ಬೆಂಕಿಯ ಭಯ ಬೇರೆ. ಹಿಂದೆ ಎಲ್ಲರೂ ಬಳಸುತ್ತಿದ್ದ ಆಲ್ಡ್ರಿನ್ ಮತ್ತು ಕ್ಲೋರ್ಡೇನ್ 1996ರಲ್ಲಿ ನಿಷೇಧವಾದವು. ‘ಹಳೆಯ ಸ್ಟ್ರಾಂಗ್ ಮದ್ದು’ ಎಂದು ಲೇಬಲ್ಲಿಲ್ಲದ ಡಬ್ಬಿ ತಂದವರನ್ನು ಬಾಗಿಲಿನಿಂದಲೇ ಕಳಿಸಿ. ಕೀಟನಾಶಕ ಕಾಯ್ದೆ, 1968ರ ಅಡಿಯಲ್ಲಿ ಪಡೆದ ಪರವಾನಗಿಯನ್ನೂ ಡಬ್ಬಿಯ ಲೇಬಲ್ಲನ್ನೂ ನೋಡಿ, ಬೇಕಾದರೆ ಫೋಟೋ ತೆಗೆದಿಟ್ಟುಕೊಳ್ಳಿ.

ಇದೆಲ್ಲಕ್ಕಿಂತ ಮೊದಲು ಪ್ಲಂಬರ್. ಮೇಲಿನ ಮನೆಯ ಬಚ್ಚಲು ಸೋರಿ ಕೆಳಗಿನ ಮನೆಯ ಗೋಡೆ ಒದ್ದೆಯಾಗುವ ಜಗಳ ಮುಂಬೈಯ ಯಾವ ಸೊಸೈಟಿಯಲ್ಲಿಲ್ಲ? ಆ ಜಗಳ ಬಗೆಹರಿಯದೆ ಗೆದ್ದಲು ಬಗೆಹರಿಯದು. ಒಬ್ಬರ ಮನೆಗೆ ಮಾತ್ರ ಮದ್ದು ಹೊಡೆಸಿದರೆ ಹುಳು ಪಕ್ಕದ ಮನೆಯ ದಾರಂದಕ್ಕೆ ದಾಟುತ್ತದೆ. ಇಡೀ ವಿಂಗ್ ಒಟ್ಟಾಗಿ, ಮೇ ತಿಂಗಳೊಳಗೆ ಮಾಡಿಸಿದರೆ ಖರ್ಚೂ ಹಂಚಿಹೋಗುತ್ತದೆ, ಗುಣವೂ ಕಾಣುತ್ತದೆ. ಸಿಂಕಿನ ಕೆಳಗೆ ಹೊಸ ಪ್ಲೈವುಡ್ ಹಾಕಿಸುವವರು ಐಎಸ್ 710 ಮುದ್ರೆಯದ್ದನ್ನೇ ಕೇಳಲಿ.

ಅಂಗಳದ ಮರಗಳು

ಸೊಸೈಟಿಯ ಮಾವಿನ ಮರದ ಕಾಂಡಕ್ಕೆ ಗೆದ್ದಲು ಮಣ್ಣು ಹೊದಿಸಿದರೆ ಜನ ಗಾಬರಿಯಾಗುತ್ತಾರೆ. ಹೆಚ್ಚಿನ ಸಲ ಅದು ತಿನ್ನುತ್ತಿರುವುದು ಸತ್ತ ಹೊರತೊಗಟೆಯನ್ನು. ಗೋಣಿಚೀಲದಿಂದ ಉಜ್ಜಿ ತೆಗೆದರೆ ಸಾಕು. ಮಾವಿನ ನಿಜವಾದ ಶತ್ರು ಕಾಂಡಕೊರಕ, ಬ್ಯಾಟೊಸೆರಾ ರೂಫೊಮ್ಯಾಕ್ಯುಲೇಟಾ. ಉದ್ದ ಮೀಸೆಯ, ಸುಮಾರು 5 ಸೆಂಟಿಮೀಟರಿನ ಬೂದು ದುಂಬಿ. ಕತ್ತಿನ ಮೇಲೆ ಎರಡು ಕಿತ್ತಳೆ ಮಚ್ಚೆ. ಇದರ ಮರಿ ಹಸಿ ಕಾಂಡದೊಳಗೆ ಬೆರಳು ತೂರುವಷ್ಟು ಸುರಂಗ ಕೊರೆಯುತ್ತದೆ. ತೊಗಟೆಯ ತೂತಿನಿಂದ ಹೊಟ್ಟು ಮತ್ತು ರಸ ಸುರಿದರೆ ತಂತಿಯ ಕೊಕ್ಕೆ ಹಾಕಿ ಹುಳುವನ್ನು ಎಳೆದು ತೆಗೆಯಬೇಕು, ಆಮೇಲೆ ತೂತಿಗೆ ಜೇಡಿಮಣ್ಣು ಮೆತ್ತಬೇಕು. ಪೇರಳೆ, ನುಗ್ಗೆ, ಗುಲ್‌ಮೊಹರ್‌ಗಳ ಕವಲಿನಲ್ಲಿ ಹಿಕ್ಕೆ ಮತ್ತು ನೂಲು ಹೆಣೆದ ಕಂದು ಪಟ್ಟಿ ಕಂಡರೆ ಅದು ತೊಗಟೆ ತಿನ್ನುವ ಇಂಡಾರ್ಬೆಲಾ ಕಂಬಳಿಹುಳು. ಹಗಲು ತೂತಿನಲ್ಲಿ ಅಡಗಿ ರಾತ್ರಿ ಪಟ್ಟಿಯ ಮರೆಯಲ್ಲಿ ಮೇಯುತ್ತದೆ.

ತೆಂಗಿಗೆ ಬೀಳುವ ಕುರುವಾಯಿ ಎಳೆ ಸುಳಿಯನ್ನು ಕೊರೆಯುತ್ತದೆ. ಆ ಗರಿ ಬಿಚ್ಚಿಕೊಂಡಾಗ ಕತ್ತರಿಯಿಂದ ಮೂಲೆಮೂಲೆಯಾಗಿ ಕತ್ತರಿಸಿದ ಹಾಗೆ ಕಾಣುತ್ತದೆ. ಅದು ಮಾಡಿದ ಗಾಯದ ವಾಸನೆಗೆ ಬರುವ ಕೆಂಪು ಮೂತಿ ಹುಳು ಕಾಂಡದ ಒಳಗನ್ನೇ ತಿಂದು ಮರವನ್ನು ಕೊಲ್ಲುತ್ತದೆ. ಕುರುವಾಯಿ ಮರಿ ಮಾಡುವುದು ಗೊಬ್ಬರದ ಗುಂಡಿ ಮತ್ತು ಕೊಳೆತ ತೆಂಗಿನ ಕಾಂಡದಲ್ಲಿ. 1916ರಲ್ಲಿ ತೆಂಗು ಸಂಶೋಧನೆ ಆರಂಭವಾದ ಕಾಸರಗೋಡಿನಲ್ಲಿ, ಇಂದಿನ ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರವನ್ನು ಗೊಬ್ಬರಗುಂಡಿಗೆ ಬೆರೆಸುವ ಕ್ರಮವನ್ನು ಬೆಳೆಗಾರರಿಗೆ ಕಲಿಸಿದ್ದಾರೆ. ಕಾಂಪೋಸ್ಟ್ ಗುಂಡಿ ಮಾಡಿಕೊಂಡಿರುವ ಮುಂಬೈಯ ಸೊಸೈಟಿಗಳಿಗೂ ಅದು ಒಗ್ಗುತ್ತದೆ.

2017ರ ಜುಲೈಯಲ್ಲಿ ಚೆಂಬೂರಿನಲ್ಲಿ ತೆಂಗಿನ ಮರ ಬಿದ್ದು ಮಹಿಳೆಯೊಬ್ಬರು ತೀರಿಕೊಂಡರು. ಹಳೆಯ ಮರಗಳನ್ನು ಮಳೆಗಾಲಕ್ಕೆ ಮೊದಲು ಪರೀಕ್ಷಿಸುವುದು ಅನಿವಾರ್ಯ. ಹಾಗೆಂದು ಹುಳು ಬಿದ್ದ ಮರವನ್ನೆಲ್ಲ ಉರುಳಿಸುವಂತಿಲ್ಲ. 1975ರ ಮಹಾರಾಷ್ಟ್ರ ನಗರ ಪ್ರದೇಶಗಳ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ಬುಡದ ತನಕ ಕಾಂಕ್ರೀಟ್ ಸುರಿದ ಮರ ಬೇರಿಗೆ ಗಾಳಿ–ನೀರಿಲ್ಲದೆ ಸೊರಗುತ್ತದೆ, ಸೊರಗಿದ ಮರಕ್ಕೇ ಕೊರಕ ಬೀಳುವುದು. ಮೊದಲು ಆ ಕಾಂಕ್ರೀಟನ್ನು ಒಡೆಸಬೇಕು.

ಕೊಲ್ಲಬಾರದ ಒಂದು ದುಂಬಿ

ಬಾಲ್ಕನಿಯ ಬಿದಿರಿಗೆ, ಮಾಡಿನ ಪಕ್ಕಾಸಿಗೆ ಹೆಬ್ಬೆರಳ ಗಾತ್ರದ ಕರಿ ದುಂಬಿ ಗುಂಯ್‌ಗುಡುತ್ತ ಬಂದು ಒಂದು ಸೆಂಟಿಮೀಟರಿಗೂ ಅಗಲದ ಅಚ್ಚುಕಟ್ಟಾದ ತೂತು ಕೊರೆಯುತ್ತದೆ. ಇದು ಬಡಗಿ ದುಂಬಿ, ಜೈಲೊಕೋಪಾ. ರೆಕ್ಕೆಗೆ ಬಿಸಿಲು ಬಿದ್ದರೆ ನೀಲಿ–ನೇರಳೆ ಹೊಳಪು. ಇದು ಮರವನ್ನು ತಿನ್ನುವುದಿಲ್ಲ, ಕೊರೆದ ಪುಡಿಯನ್ನು ಹೊರಗೆ ಹಾಕುತ್ತದೆ. ಒಳಗೆ ಹೂಪುಡಿ ಮತ್ತು ಮಕರಂದದ ಉಂಡೆ ಮಾಡಿಟ್ಟು, ಪ್ರತಿ ಉಂಡೆಯ ಮೇಲೂ ಒಂದು ಮೊಟ್ಟೆ ಇಟ್ಟು, ನಡುವೆ ಮರದ ಪುಡಿಯ ಗೋಡೆ ಕಟ್ಟುತ್ತದೆ. ಗಂಡಿಗೆ ಕೊಂಡಿಯೇ ಇಲ್ಲ, ಹೆಣ್ಣು ಹಿಡಿದು ಹಿಂಸಿಸಿದರೆ ಮಾತ್ರ ಚುಚ್ಚೀತು. ನುಗ್ಗೆ ಮತ್ತು ಪ್ಯಾಶನ್‌ಫ್ರೂಟ್ ಕಾಯಿ ಕಚ್ಚುವುದರಲ್ಲಿ ಇದರ ಪಾಲು ದೊಡ್ಡದು. ಒಂದೆರಡು ತೂತಿನಿಂದ ಮಾಡು ಕುಸಿಯುವುದಿಲ್ಲ. ಬೇಡವೆನಿಸಿದರೆ ಮರಿಗಳು ಹಾರಿಹೋದ ಮೇಲೆ ತೂತಿಗೆ ಮರದ ಬಿರಡೆ ಬಡಿದು ಪಕ್ಕಾಸಿಗೆ ಎಣ್ಣೆಬಣ್ಣ ಹಚ್ಚಿ. ಬಣ್ಣ ಬಳಿದ ಮರವನ್ನು ಅದು ಸಾಮಾನ್ಯವಾಗಿ ಮುಟ್ಟದು. ಹತ್ತಿರದಲ್ಲೇ ಒಂದೆರಡು ಗೆಣ್ಣು ಒಣ ಬಿದಿರನ್ನು ಅಡ್ಡಲಾಗಿ ಕಟ್ಟಿದರೆ ಅದಕ್ಕೆ ಬೇರೆ ಜಾಗ ಸಿಕ್ಕ ಹಾಗಾಗುತ್ತದೆ.